ಒಂದು ಲೀಟರ್ ಎಣ್ಣೆಗೆ ಒಂಬತ್ತು ಸಾವಿರ ಲೀಟರ್ ನೀರು

ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಕನ್ಯಾನ, ಕರೋಪಾಡಿ, ಮಾಣಿಲದ ಕಡೆ ಮಾರ್ಚ್ ಹುಟ್ಟಿತೆಂದರೆ ಅಡಿಕೆ ತೋಟದವರಿಗೆ ಒಂದು ಕೆಲಸ ಅಂಟಿಕೊಳ್ಳುತ್ತದೆ: ಪಂಪಿನ ಫಿಲ್ಟರ್ ಬಿಚ್ಚಿ ತೊಳೆಯುವುದು. ಕೆರೆಯ ನೀರು ತಗ್ಗಿ ಬಿಸಿಲು ತಳಕ್ಕಿಳಿದಂತೆ ನೀರು ಹಸಿರಾಗುತ್ತದೆ. ಜಾಲರಿಗೆ ಹಾವಸೆ ಮೆತ್ತಿಕೊಳ್ಳುತ್ತದೆ, ಒತ್ತಡ ಬೀಳುತ್ತದೆ, ತೋಟದ ತುದಿಯ ಜೆಟ್‌ಗಳು ತಿರುಗುವುದನ್ನೇ ಬಿಡುತ್ತವೆ. ಡ್ರಿಪ್ ಹಾಕಿದವರ ಪಾಡು ಇನ್ನೂ ಕಷ್ಟ. ಹೀಗೆ ಬೈದುಕೊಂಡೇ ತೊಳೆದು ಚೆಲ್ಲುವ ಹಸಿರಿನಿಂದ ಡೀಸೆಲ್ ಮಾಡುತ್ತೇವೆಂದು ಹೊರಟು ಜಗತ್ತಿನ ದೊಡ್ಡ ದೊಡ್ಡ ಕಂಪೆನಿಗಳು ಒಂದೂವರೆ ದಶಕ ಹಣ ಸುರಿದವು. ಬಹುತೇಕ ಎಲ್ಲವೂ ಕೈಸುಟ್ಟುಕೊಂಡು ಹಿಂದೆ ಸರಿದವು. ಪಾಚಿ ಬೆಳೆಯಲಿಲ್ಲ ಎಂಬುದು ಕಾರಣವಲ್ಲ. ಪಾಚಿ ಎಲ್ಲಿ ಬೇಕಾದರೂ ಬೆಳೆಯುತ್ತದೆ. ಅದನ್ನು ನೀರಿನಿಂದ ಬೇರ್ಪಡಿಸಿ ತೆಗೆಯುವ ಲೆಕ್ಕ ಕೂಡಿಬರಲಿಲ್ಲ.

ಆ ಲೆಕ್ಕದ ಮೊದಲ ಪಾಠ ಫಿಲ್ಟರಿನಲ್ಲೇ ಇದೆ. ತೋಟದ ಜಾಲರಿ ಫಿಲ್ಟರುಗಳು ಸಾಮಾನ್ಯವಾಗಿ 120 ಮೆಶ್‌ನವು; ಅವುಗಳ ಒಂದೊಂದು ಕಣ್ಣು ಸುಮಾರು 130 ಮೈಕ್ರಾನ್. ಅದಕ್ಕೆ ಸಿಕ್ಕಿಬೀಳುವುದು ಕೂದಲಿನಂತೆ ಉದ್ದಕ್ಕೆ ಬೆಳೆಯುವ ಸ್ಪೈರೋಗೈರಾದಂಥ ಹಾವಸೆ. ಇಂಧನದವರ ಕಣ್ಣು ಬಿದ್ದಿರುವುದು ಅದರ ಮೇಲಲ್ಲ. ಅವರಿಗೆ ಬೇಕಾದ ಕ್ಲೋರೆಲ್ಲಾ, ಸೀನೆಡೆಸ್ಮಸ್, ಕ್ಲೋರೊಕಾಕಮ್ ಮುಂತಾದವು ಒಂದೇ ಕೋಶದ, ಹೆಚ್ಚೆಂದರೆ ನಾಲ್ಕಾರು ಕೋಶಗಳ ಜೀವಿಗಳು. ಕ್ಲೋರೆಲ್ಲಾದ ಗಾತ್ರ ಐದು ಮೈಕ್ರಾನಿನ ಆಸುಪಾಸು. ನಮ್ಮ ಫಿಲ್ಟರಿನ ಒಂದು ಕಣ್ಣಿನೊಳಗೆ ಇಪ್ಪತ್ತೈದು ಕ್ಲೋರೆಲ್ಲಾಗಳು ಸಾಲಾಗಿ ಕೈಹಿಡಿದುಕೊಂಡು ದಾಟಬಹುದು. ನೀರನ್ನು ನಿಜಕ್ಕೂ ಹಸಿರು ಮಾಡಿದ್ದು ಅವೇ. ಫಿಲ್ಟರ್ ಎಷ್ಟು ತೊಳೆದರೂ ಕೆರೆ ಹಸಿರಾಗಿಯೇ ಉಳಿಯುವುದೂ ಅದಕ್ಕೇ.

ಬೆಳೆಯಲು ಅವಕ್ಕೆ ಬೇಕಾದ್ದು ಬೆಳಕು, ನೀರು, ಇಂಗಾಲದ ಡೈಆಕ್ಸೈಡ್, ಒಂದಿಷ್ಟು ಸಾರಜನಕ, ರಂಜಕ. ಬೆಳಕಿನ ಮಹಿಮೆಗೆ ಈ ಸೀಮೆಯಲ್ಲಿ ಪುಸ್ತಕ ಬೇಕಿಲ್ಲ, ಸುರಂಗಗಳಿವೆ. ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದು ನೀರು ತರುವ ಸುರಂಗಗಳು ಕೇರಳ ಗಡಿಯ ಆಚೀಚೆಯ ಬಾಯಾರು, ಪೆರ್ಲ, ಮಾಣಿಲ, ಕೇಪು ಊರುಗಳ ಬದುಕನ್ನೇ ಕಟ್ಟಿಕೊಟ್ಟವು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಸುರಂಗದೊಳಗಿನ ನೀರು ಕನ್ನಡಿಯಷ್ಟು ತಿಳಿ. ಕತ್ತಲೆಯಲ್ಲಿ ಪಾಚಿಗೆ ಬದುಕಿಲ್ಲ. ಅದೇ ನೀರು ಹೊರಗಿನ ತೆರೆದ ಟ್ಯಾಂಕಿಗೆ ಬಿದ್ದು ಬಿಸಿಲು ಕಂಡಿತೋ, ಕೆಲವೇ ದಿನಗಳಲ್ಲಿ ಗೋಡೆ ಹಸಿರು, ಆಮೇಲೆ ನೀರೇ ಹಸಿರು. ಯಾರೂ ಬಿತ್ತಲಿಲ್ಲ, ಯಾರೂ ಗೊಬ್ಬರ ಹಾಕಲಿಲ್ಲ. ಅನುಕೂಲ ಸಿಕ್ಕರೆ ಕ್ಲೋರೆಲ್ಲಾ ಒಂದು ದಿನದೊಳಗೆ ದುಪ್ಪಟ್ಟಾಗುತ್ತದೆ.

ಈ ಬೆಳವಣಿಗೆಯ ಓಟವೇ ಜಗತ್ತನ್ನು ಮರುಳು ಮಾಡಿದ್ದು. ನ್ಯೂಜಿಲೆಂಡಿನ ಮ್ಯಾಸೀ ವಿಶ್ವವಿದ್ಯಾಲಯದ ಯೂಸುಫ್ ಚಿಸ್ತಿ 2007ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಪಟ್ಟಿಯಿತ್ತು: ಪಾಚಿಯ ಒಣತೂಕದಲ್ಲಿ ಶೇ. 30ರಷ್ಟು ಎಣ್ಣೆ ಇದ್ದರೆ ಹೆಕ್ಟೇರಿಗೆ ವರ್ಷಕ್ಕೆ 58,700 ಲೀಟರ್ ಎಣ್ಣೆ ತೆಗೆಯಬಹುದು. ತಾಳೆಯ ಎಣ್ಣೆ ಆರು ಸಾವಿರ ಲೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಮರುವರ್ಷ ಕಚ್ಚಾತೈಲದ ಬೆಲೆ ಬ್ಯಾರೆಲಿಗೆ 147 ಡಾಲರ್ ಮುಟ್ಟಿತು. ಆಮೇಲಿನ ಮೂರ್ನಾಲ್ಕು ವರ್ಷ ಪಾಚಿಯ ಹೆಸರಿನಲ್ಲಿ ಕಂಪೆನಿ ತೆರೆದವರಿಗೆಲ್ಲ ಬಂಡವಾಳ ಸಿಕ್ಕಿತು.

ಈಗ ನಮ್ಮ ಲೆಕ್ಕಕ್ಕೆ ಕೂರೋಣ. ಬಯಲು ಹೊಂಡದಲ್ಲಿ ಚೆನ್ನಾಗಿ ಬೆಳೆದ ಪಾಚಿಯೆಂದರೆ ಲೀಟರಿಗೆ ಅರ್ಧ ಗ್ರಾಂ ಒಣತೂಕ. ನೋಡಲು ಕಡುಹಸಿರು, ತೂಗಿದರೆ ಎರಡು ಸಾವಿರ ಪಾಲು ನೀರಿಗೆ ಒಂದು ಪಾಲು ಪಾಚಿ. ಅದರಲ್ಲಿ ಐದನೇ ಒಂದು ಭಾಗ ಎಣ್ಣೆ ಎಂದು ಉದಾರವಾಗಿಯೇ ಹಿಡಿಯೋಣ. ಒಂದು ಲೀಟರ್ ಎಣ್ಣೆ, ಅಂದರೆ ಸುಮಾರು 900 ಗ್ರಾಂ, ಸಿಗಬೇಕಾದರೆ ನಾಲ್ಕೂವರೆ ಕೆ.ಜಿ. ಒಣಪಾಚಿ ಬೇಕು. ಅಷ್ಟು ಪಾಚಿ ಇರುವುದು ಒಂಬತ್ತು ಸಾವಿರ ಲೀಟರ್ ನೀರಿನಲ್ಲಿ. ಅಷ್ಟೂ ನೀರನ್ನು ಒಂದು ಯಂತ್ರದ ಮೂಲಕ ಹಾಯಿಸಬೇಕು.

ಆ ಯಂತ್ರ ಹಾಲಿನ ಡೈರಿಗಳಲ್ಲಿ ಕೆನೆ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಜಾತಿಯದು. ಗಿರಗಿರನೆ ತಿರುಗಿ ಭಾರದ್ದನ್ನು ಅಂಚಿಗೆ ತಳ್ಳುತ್ತದೆ. ಸಾವಿರ ಲೀಟರಿಗೆ ಒಂದು ಯೂನಿಟ್ ಕರೆಂಟು ಎಂಬುದು ಒಳ್ಳೆಯ ಯಂತ್ರದ ಲೆಕ್ಕ; ಕೆಲವಕ್ಕೆ ಇನ್ನೂ ಹೆಚ್ಚು. ಒಂಬತ್ತು ಸಾವಿರ ಲೀಟರಿಗೆ ಒಂಬತ್ತು ಯೂನಿಟ್. ಕೊನೆಗೆ ಸಿಕ್ಕುವ ಒಂದು ಲೀಟರ್ ಬಯೋಡೀಸೆಲ್‌ನಲ್ಲಿ ಅಡಗಿರುವ ಶಕ್ತಿಯೂ ಹೆಚ್ಚುಕಡಿಮೆ ಒಂಬತ್ತು ಯೂನಿಟ್ಟೇ! ಅದನ್ನು ಜನರೇಟರಿಗೆ ಹಾಕಿ ಓಡಿಸಿದರೆ ಮರಳಿ ಕೈಗೆ ಬರುವುದು ಮೂರು ಯೂನಿಟ್. ಹೊಂಡದ ನೀರನ್ನು ಕಲಕುವ ಚಕ್ರ, ಪಂಪು, ಎಣ್ಣೆ ಹಿಂಡುವ ರಾಸಾಯನಿಕ, ಇವುಗಳ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಒಣಗಿಸುವ ಖರ್ಚೂ ಬಂದಿಲ್ಲ. ಸೆಂಟ್ರಿಫ್ಯೂಜಿನಿಂದ ಹೊರಬೀಳುವುದು ಪುಡಿಯಲ್ಲ, ಐದರಲ್ಲಿ ನಾಲ್ಕು ಪಾಲು ನೀರೇ ಇರುವ ಹಸಿರು ಮುದ್ದೆ. ನಾಲ್ಕೂವರೆ ಕೆ.ಜಿ. ಪಾಚಿಯ ಜತೆ ಹದಿನೆಂಟು ಕೆ.ಜಿ. ನೀರು. ಅಷ್ಟು ನೀರನ್ನು ಆವಿ ಮಾಡಲು ಬೇಕಾದ ಶಾಖ ಆ ಒಂದು ಲೀಟರ್ ಎಣ್ಣೆಯಿಂದ ಸಿಕ್ಕುವ ಶಾಖಕ್ಕಿಂತ ಹೆಚ್ಚು. ಬಿಸಿಲಿಗೆ ಹರವಿದರೆ ಖರ್ಚಿಲ್ಲವಲ್ಲ ಎನ್ನಬಹುದು. ಬಂಟ್ವಾಳ ತಾಲೂಕಿನಲ್ಲಿ ಬಿಸಿಲು ನಂಬುವ ಹಾಗಿರುವುದು ದೀಪಾವಳಿಯ ಆಮೇಲೆ, ಮೇ ತಿಂಗಳ ಪತ್ತನಾಜೆಯ ತನಕ. ಆ ದಿನಗಳಲ್ಲಿ ಅಂಗಳದ ತುಂಬ ಅಡಿಕೆ ಇರುತ್ತದೆ. ಸಿಪ್ಪೆ ಅಡಿಕೆ ಒಣಗಲು ನಲವತ್ತು ದಿನ ಬೇಕು. ಕೆ.ಜಿ.ಗೆ ನೂರಾರು ರೂಪಾಯಿ ತರುವ ಅಡಿಕೆಯನ್ನು ಬದಿಗೆ ಸರಿಸಿ ಪಾಚಿ ಹರವುವ ಮನೆ ಎಲ್ಲಿದೆ?

ಎಣ್ಣೆ ತೆಗೆದ ಮೇಲೂ ಐದರಲ್ಲಿ ನಾಲ್ಕು ಪಾಲು ಹಿಂಡಿ ಉಳಿಯುತ್ತದೆ, ಅದಕ್ಕೂ ಬೆಲೆಯಿದೆ ಎಂಬ ವಾದವುಂಟು. ನಿಜ. ಆ ಮಾತಿಗೆ ಮುಂದೆ ಬರುತ್ತೇನೆ.

ಸೆಂಟ್ರಿಫ್ಯೂಜ್ ಯಾಕೆ, ಸುಮ್ಮನೆ ಬಿಟ್ಟರೆ ತಳಕ್ಕೆ ಕೂರುವುದಿಲ್ಲವೇ? ಕೂರುತ್ತದೆ, ಬಹಳ ನಿಧಾನ. ಐದು ಮೈಕ್ರಾನಿನ ಕೋಶ ನೀರಿಗಿಂತ ಒಂದಿಷ್ಟೇ ಭಾರ. ದಿನವಿಡೀ ಇಳಿದರೂ ನಾಲ್ಕಾರು ಬೆರಳಿನಷ್ಟು ಕೆಳಗೆ ಹೋಗುತ್ತದೆ, ಅಷ್ಟರಲ್ಲಿ ಗಾಳಿ ಬಂದು ನೀರು ಕಲಕಿ ಮತ್ತೆ ಮೇಲೆ. ಜತೆಗೆ ಒಂದೊಂದು ಕೋಶದ ಮೈಮೇಲೂ ಋಣ ವಿದ್ಯುದಂಶವಿದೆ. ಒಂದನ್ನೊಂದು ದೂಡುತ್ತಲೇ ಇರುತ್ತವೆ, ಗುಂಪುಗೂಡಿ ಭಾರವಾಗುವುದಿಲ್ಲ.

ದೂಡಾಟ ನಿಲ್ಲಿಸುವ ಮದ್ದುಗಳಿವೆ. ಪಟಿಕ ಹಾಕಿದರೆ ಪಾಚಿ ಮೊಸರು ಒಡೆದಂತೆ ಗಂಟುಗಂಟಾಗಿ ಇಳಿಯುತ್ತದೆ. ಆದರೆ ಮುದ್ದೆಯಲ್ಲಿ ಅಲ್ಯೂಮಿನಿಯಂ ಸೇರಿಕೊಳ್ಳುವುದರಿಂದ ಉಳಿದ ಹಿಂಡಿಯನ್ನು ದನಕ್ಕೂ ಹಾಕುವಂತಿಲ್ಲ, ಗದ್ದೆಗೂ ಹಾಕುವಂತಿಲ್ಲ. ಸಿಗಡಿಯ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಸೊಗಸಾಗಿ ಕೆಲಸ ಮಾಡುತ್ತದೆ, ಬೆಲೆ ಮಾತ್ರ ಎಣ್ಣೆಗಿಂತ ಮೇಲೆ. ನುಗ್ಗೆಬೀಜದ ಪುಡಿಯೂ ಆಗುತ್ತದೆ. ಸುಣ್ಣ ಹಾಕಿ ನೀರಿನ ಕ್ಷಾರ ಏರಿಸಿದರೆ ನೀರಿನಲ್ಲಿರುವ ಮೆಗ್ನೀಸಿಯಂ ಗಟ್ಟಿಯಾಗಿ ಬೀಳುತ್ತಾ ಪಾಚಿಯನ್ನೂ ಎಳೆದುಕೊಂಡು ಹೋಗುತ್ತದೆ. ಬಯಲುಸೀಮೆಯ ಗಡಸು ನೀರಿಗೆ ಇದು ಒಳ್ಳೆಯ ಉಪಾಯ. ನಮ್ಮ ಮುರಕಲ್ಲಿನ ಸೀಮೆಯ ಮೆದು ನೀರಿನಲ್ಲಿ ಅದಕ್ಕೆ ಬೇಕಾದಷ್ಟು ಖನಿಜವೇ ಇರುವುದಿಲ್ಲ. ತಳಕ್ಕಿಳಿಸುವ ಬದಲು ಸಣ್ಣ ಗಾಳಿಗುಳ್ಳೆ ಎಬ್ಬಿಸಿ ಪಾಚಿಯನ್ನು ನೊರೆಯಾಗಿ ಮೇಲಕ್ಕೆ ತೇಲಿಸಿ ಕೆನೆಯಂತೆ ತೆಗೆಯುವ ಕ್ರಮವೂ ಉಂಟು. ಕೆಲವು ದೊಡ್ಡ ಘಟಕಗಳು ಇದನ್ನು ನೆಚ್ಚಿಕೊಂಡವು. ಇಷ್ಟೆಲ್ಲ ಜಾಣತನದ ಮೇಲೂ ಉತ್ಪಾದನೆಯ ಒಟ್ಟು ಖರ್ಚಿನಲ್ಲಿ ಶೇ. 20ರಿಂದ 30ರಷ್ಟು ಬರೀ ಕೊಯ್ಲಿಗೇ ಹೋಗುತ್ತದೆ ಎಂಬುದು ಈ ವಿದ್ಯೆಯವರೆಲ್ಲ ಒಪ್ಪಿ ಉದ್ಧರಿಸುವ ಅಂದಾಜು.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿರುವ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಲ್ಲೇ ಜರ್ಮನಿಯ ನೆರವಿನೊಂದಿಗೆ ಪಾಚಿ ಬೆಳೆಸಲು ಹೊರಟಿತ್ತು. ಆಗಿನ ಗುರಿ ಇಂಧನವಲ್ಲ, ಪ್ರೋಟೀನು. ದೇಶದ ಬಡ ಮಕ್ಕಳ ತಟ್ಟೆಗೆ ಅಗ್ಗದ ಪ್ರೋಟೀನು ಸೇರಿಸಬೇಕೆಂಬ ತವಕದ ಕಾಲ ಅದು. ಎಲ್.ವಿ. ವೆಂಕಟರಾಮನ್ ಮತ್ತು ಜರ್ಮನಿಯ ಇ.ಡಬ್ಲ್ಯು. ಬೆಕರ್ ಮುಂದಾಳುಗಳು. ಮೊದಲಿಗೆ ಅವರು ಹಿಡಿದದ್ದು ಸೀನೆಡೆಸ್ಮಸ್ ಎಂಬ ಸಿಹಿನೀರಿನ ಪಾಚಿಯನ್ನು. ಮೈಸೂರಿನ ಹದವಾದ ಹವೆಯಲ್ಲಿ ಅದು ಬೆಳೆಯಿತು. ಕೊಯ್ಲಿಗೆ ಬಂದಾಗ ಸೆಂಟ್ರಿಫ್ಯೂಜೇ ಗತಿ. ಮೇಲೆ ಅದರ ಕೋಶದ ಗೋಡೆ ಎಷ್ಟು ಗಟ್ಟಿಯೆಂದರೆ ಹಾಗೇ ತಿಂದರೆ ಹೊಟ್ಟೆಗೆ ಅರಗದು. ಬಿಸಿ ಉರುಳೆಗಳ ಮೇಲೆ ಹಾಯಿಸಿ ಗೋಡೆ ಒಡೆಯುವಂತೆ ಒಣಗಿಸಬೇಕು. ಹಳ್ಳಿಯ ಬಡವನಿಗೆಂದು ಹೊರಟ ಆಹಾರಕ್ಕೆ ಕಾರ್ಖಾನೆಯಷ್ಟು ಯಂತ್ರ ಬೇಕಾಯಿತು.

ಅವರು ಆಮೇಲೆ ಮಾಡಿದ್ದನ್ನು ನಾನು ಬಹಳ ಮೆಚ್ಚುತ್ತೇನೆ. ಯಂತ್ರ ಬದಲಿಸಲು ಹೋಗದೆ ಪಾಚಿಯನ್ನೇ ಬದಲಿಸಿದರು. ಸ್ಪಿರುಲಿನಾ ಸುರುಳಿಸುರುಳಿಯಾದ ಉದ್ದನೆಯ ಎಳೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಸೋಸಿದರೆ ನಿಲ್ಲುತ್ತದೆ, ಬಿಸಿಲಿಗೆ ಒಣಗುತ್ತದೆ, ಸೆಲ್ಯುಲೋಸಿನ ಗೋಡೆಯಿಲ್ಲದ್ದರಿಂದ ಅರಗುತ್ತದೆ. ಆಫ್ರಿಕಾದ ಚಾಡ್ ಸರೋವರದ ಕನೆಂಬು ಹೆಂಗಸರು ಎಷ್ಟೋ ತಲೆಮಾರುಗಳಿಂದ ಅದನ್ನು ಕೊಯ್ದು, ಮರಳ ಮೇಲೆ ಒಣಗಿಸಿ, ಸಾರಿಗೆ ಹಾಕುತ್ತ ಬಂದವರು. ಅವರ ಬಳಿ ಸೆಂಟ್ರಿಫ್ಯೂಜ್ ಇರಲಿಲ್ಲ. ಅಡುಗೆ ಸೋಡದಂಥ ಕ್ಷಾರದ ನೀರಿನಲ್ಲಿ ಅದು ಬೆಳೆಯುವುದರಿಂದ ಬೇರೆ ಕಳೆಪಾಚಿಗಳ ಕಾಟವೂ ಕಡಿಮೆ. ಇಂದು ಔಷಧದಂಗಡಿಯಲ್ಲಿ ಸಿಕ್ಕುವ ಹಸಿರು ಮಾತ್ರೆಗಳ ಹಿಂದೆ ಆ ತೀರ್ಮಾನವಿದೆ. ಭಾರತದಲ್ಲಿ ಪಾಚಿ ಕೃಷಿಯೊಂದು ಗೆದ್ದಿದ್ದರೆ ಅದು ಬಟ್ಟೆಯಲ್ಲಿ ಸೋಸಲು ಬಂದದ್ದಕ್ಕೆ ಗೆದ್ದಿತು.

ಇಂಧನಕ್ಕೂ ಸ್ಪಿರುಲಿನಾವನ್ನೇ ಹಿಡಿಯಬಹುದಿತ್ತಲ್ಲ? ಅದರಲ್ಲಿ ಎಣ್ಣೆ ಶೇ. ಹತ್ತನ್ನೂ ಮುಟ್ಟುವುದಿಲ್ಲ. ಎಣ್ಣೆ ಇರುವುದನ್ನು ಹಿಡಿಯಲಾಗದು, ಹಿಡಿಯಲು ಸಿಕ್ಕುವುದರಲ್ಲಿ ಎಣ್ಣೆಯಿಲ್ಲ. ಇನ್ನೊಂದು ಪೇಚೂ ಇದೆ. ಪಾಚಿ ಎಣ್ಣೆ ಕೂಡಿಡುವುದು ಬರಗಾಲದ ಗಂಟಾಗಿ. ಸಾರಜನಕ ಸಿಗದೆ ಹಸಿದಾಗ ಕೋಶದೊಳಗೆ ಎಣ್ಣೆಯ ಹನಿ ಕಟ್ಟುತ್ತದೆ, ಆಗ ಬೆಳವಣಿಗೆ ನಿಲ್ಲುತ್ತದೆ. ಹೊಟ್ಟೆ ತುಂಬ ಹಾಕಿದರೆ ಬೆಳೆಯುತ್ತದೆ, ಎಣ್ಣೆ ಇಳಿಯುತ್ತದೆ. ಶೇ. 50, 60 ಎಣ್ಣೆಯೆಂದು ಪತ್ರಿಕೆಗಳಲ್ಲಿ ಬರುವ ಅಂಕಿಗಳೂ ದಿನಕ್ಕೆ ದುಪ್ಪಟ್ಟಾಗುವ ಅಂಕಿಗಳೂ ಒಂದೇ ಹೊಂಡದ ಒಂದೇ ದಿನದವಲ್ಲ.

ಅದೇ ಸಿಎಫ್‌ಟಿಆರ್‌ಐ ಮುಂದೆ ಇಂಧನದ ಕಡೆಗೂ ಬಂತು. ಜಿ.ಎ. ರವಿಶಂಕರ್, ಆರ್. ಸರದಾ, ಸಿ. ದಯಾನಂದ ಮೊದಲಾದವರು ಬೊಟ್ರಿಯೊಕಾಕಸ್ ಬ್ರೌನಿಐ ಎಂಬ ವಿಚಿತ್ರ ಪಾಚಿಯನ್ನು ಭಾರತದ ಸಿಹಿನೀರಿನ ನೆಲೆಗಳಿಂದ ಹೆಕ್ಕಿ ತೆಗೆದು, 2007ರ ಸುಮಾರಿಗೆ ಅದರ ಗುಣಾವಗುಣಗಳನ್ನು ಪ್ರಕಟಿಸಿದರು. ಇದು ಕೊಬ್ಬನ್ನಲ್ಲ, ನೇರವಾಗಿ ಹೈಡ್ರೋಕಾರ್ಬನ್ನನ್ನೇ, ಅಂದರೆ ಹೆಚ್ಚುಕಡಿಮೆ ಕಚ್ಚಾತೈಲವನ್ನೇ, ಮೈಯಿಂದ ಹೊರಗೆ ಒಸರುತ್ತದೆ. ಆ ಎಣ್ಣೆಯಲ್ಲೇ ಕೋಶಗಳು ಅಂಟಿಕೊಂಡು ದ್ರಾಕ್ಷಿಗೊಂಚಲಿನಂತೆ ಗುಂಪಾಗಿ ನೀರ ಮೇಲೆ ತೇಲುತ್ತವೆ. ಕೊಯ್ಲಿನ ಕಷ್ಟ ಅರ್ಧಕ್ಕರ್ಧ ಹೋಯಿತು. ದೇವರು ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡ: ಕ್ಲೋರೆಲ್ಲಾ ಒಂದು ದಿನದಲ್ಲಿ ಬೆಳೆಯುವಷ್ಟು ಬೆಳೆಯಲು ಇದಕ್ಕೆ ವಾರ ಬೇಕು. ಅಷ್ಟರಲ್ಲಿ ಬಯಲು ಹೊಂಡಕ್ಕೆ ಬೇರೆ ಪಾಚಿ ನುಗ್ಗಿ ಮನೆ ಮಾಡಿರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಬೇರೆಯದೇ ದಾರಿ ಹುಡುಕಿತು. ಕೆರೆ, ನದಿ, ಪಶ್ಚಿಮಘಟ್ಟಗಳ ಅಧ್ಯಯನದಿಂದ ಅವರ ಹೆಸರು ಕರಾವಳಿಗೂ ಪರಿಚಿತ. ಅವರ ಬಳಗದ ಕೆರೆ ಸಮ್ಮೇಳನ 2016ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲೇ ನಡೆದಿತ್ತು. ದುರ್ಗಾ ಮಾಧಬ ಮಹಾಪಾತ್ರ, ಬಿ. ಕಾರ್ತಿಕ್ ಮತ್ತು ಕೆನಡಾದ ರಿಚರ್ಡ್ ಗಾರ್ಡನ್ ಜತೆ ರಾಮಚಂದ್ರ 2009ರಲ್ಲಿ ಪ್ರಕಟಿಸಿದ ಪ್ರಬಂಧದ ವಸ್ತು ಡಯಾಟಂ. ಗಾಜಿನಂಥ ಸಿಲಿಕಾದ ಚಿಪ್ಪು ತೊಟ್ಟ ಈ ಪಾಚಿಯ ಒಳಗೆ ಎಣ್ಣೆಯ ಹನಿಗಳು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟ ಕಾಣುತ್ತವೆ. ಅವರ ಪ್ರಶ್ನೆ ಸರಳ: ಹಾಲಿಗೋಸ್ಕರ ಹಸುವನ್ನು ಕೊಲ್ಲುತ್ತೇವೆಯೇ? ಹಾಗಾದರೆ ಎಣ್ಣೆಗೋಸ್ಕರ ಪಾಚಿಯನ್ನು ಕೊಯ್ದು, ಒಣಗಿಸಿ, ಹಿಂಡುವುದು ಯಾಕೆ? ಡಯಾಟಂಗಳನ್ನು ಸೌರಫಲಕದಂಥ ಚಪ್ಪಟೆ ಪೆಟ್ಟಿಗೆಯಲ್ಲಿ ಜೀವಂತವಾಗಿಟ್ಟು, ಅವು ತಾವಾಗಿ ಎಣ್ಣೆ ಹೊರಬಿಡುವಂತೆ ಮಾಡಿ, ದಿನಾ ಕರೆದುಕೊಳ್ಳೋಣ ಎಂದರು. ಅಂಥ ಫಲಕ ಯಾರ ಮಾಡಿನ ಮೇಲೂ ಇನ್ನೂ ಬಂದಿಲ್ಲ. ಕೊಯ್ಲೇ ಮೂಲ ಸಮಸ್ಯೆ ಎಂಬುದನ್ನು ಅಷ್ಟು ನೇರವಾಗಿ ಹಿಡಿದದ್ದಕ್ಕೆ ಆ ಪ್ರಬಂಧಕ್ಕೆ ಬೆಲೆಯಿದೆ.

ಹೊರಗಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕ ಸರಕಾರ 1978ರಲ್ಲಿ ಶುರುಮಾಡಿದ ಪಾಚಿ ಇಂಧನ ಯೋಜನೆ 1996ರಲ್ಲಿ ಮುಚ್ಚಿತು. ಎಕ್ಸಾನ್ ಕಂಪೆನಿ 2009ರಲ್ಲಿ 60 ಕೋಟಿ ಡಾಲರ್ ತನಕ ಹಾಕುವುದಾಗಿ ಘೋಷಿಸಿ, 2025ಕ್ಕೆ ದಿನಕ್ಕೆ ಹತ್ತು ಸಾವಿರ ಬ್ಯಾರೆಲ್ ತೆಗೆಯುವ ತಾಂತ್ರಿಕ ಶಕ್ತಿ ಬರುತ್ತದೆಂದು ಹೇಳಿಕೊಂಡು, 2023ರ ಹೊತ್ತಿಗೆ ಕೈಬಿಟ್ಟಿತು. ಸೊಲಾಜೈಮ್ ಎಂಬ ಕಂಪೆನಿ ಇಂಧನ ಬಿಟ್ಟು ಆಹಾರಕ್ಕೆ ಹೊರಳಿ ಹೆಸರನ್ನೂ ಬದಲಿಸಿಕೊಂಡು 2017ರಲ್ಲಿ ದಿವಾಳಿಯಾಯಿತು. ನಮ್ಮಲ್ಲಿ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ 2012ರಲ್ಲಿ ಪಾಚಿಯ ಬಯೋಡೀಸೆಲ್ಲನ್ನು ಶೇ. 20 ಬೆರೆಸಿ ಕಾರು ಓಡಿಸಿ ತೋರಿಸಿತು. ಕಾರು ಓಡುತ್ತದೆ ಎಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ ಬಿಡಿ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಪಾಚಿಗೂ ಒಂದು ಸಾಲು ಇದೆ. 2009ರಲ್ಲೇ ತನ್ನದೇ ಜೈವಿಕ ಇಂಧನ ನೀತಿ ಮಾಡಿಕೊಂಡ ಕರ್ನಾಟಕ ನೆಚ್ಚಿಕೊಂಡದ್ದು ಮಾತ್ರ ಹೊಂಗೆ, ಬೇವು, ಹಿಪ್ಪೆಗಳನ್ನು. ಮರದ ಬೀಜ ಕೈಯಲ್ಲಿ ಹೆಕ್ಕಲು ಸಿಗುತ್ತದೆ. ಅಷ್ಟರ ಮಟ್ಟಿಗೆ ಅದು ವಿವೇಕವೇ.

ಇಷ್ಟರ ಮೇಲೂ ಯಾರಾದರೂ ಕನ್ಯಾನದ ಬಳಿ ಒಂದು ಎಕ್ರೆ ಪಾಚಿ ಹೊಂಡ ಮಾಡುತ್ತೇನೆಂದು ಹೊರಟರೆ ಏನಾದೀತು? ಹೊಂಡ ಆಳವಿರಬಾರದು, ಬೆಳಕು ತಳ ಮುಟ್ಟಬೇಕು. ಇಪ್ಪತ್ತು, ಮೂವತ್ತು ಸೆಂಟಿಮೀಟರ್ ಸಾಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್, ಎಂದರೆ ನಾಲ್ಕು ಮೀಟರ್ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಅಂದರೆ ಮಳೆಗಾಲ ಒಂದರಲ್ಲೇ ಆ ಹೊಂಡ ಹತ್ತಕ್ಕೂ ಹೆಚ್ಚು ಸಲ ತುಂಬಿ ತುಳುಕಿ, ಹಾಕಿದ ಗೊಬ್ಬರ, ಬೆಳೆದ ಪಾಚಿ ಎಲ್ಲವನ್ನೂ ತೋಡಿಗೆ ಕಳಿಸಿಕೊಡುತ್ತದೆ. ಆಟಿ ತಿಂಗಳ ಮೋಡದಲ್ಲಿ ಬೆಳಕೂ ಇಲ್ಲ. ಹಾಗಾಗಿ ವರ್ಷದಲ್ಲಿ ಏಳೆಂಟು ತಿಂಗಳ ಬೆಳೆ.

ಆ ಏಳೆಂಟು ತಿಂಗಳು ನೀರಿನ ಪೀಕಲಾಟದ ತಿಂಗಳು. ಬೇಸಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ ಎಕ್ರೆ ಹೊಂಡದಿಂದ ದಿನಕ್ಕೆ ಇಪ್ಪತ್ತು ಸಾವಿರ ಲೀಟರ್ ಗಾಳಿಗೆ ಹೋಗುತ್ತದೆ. ಇದಕ್ಕೆ ಹೋಲಿಸಲು ಪಕ್ಕದ ವಿಟ್ಲದಲ್ಲೇ ಇರುವ, ತೋಟದ ಬೆಳೆಗಳ ಸಂಶೋಧನೆ ನಡೆಸುವ ಸಿಪಿಸಿಆರ್‌ಐ ಕೇಂದ್ರದವರು ಅಡಿಕೆಗೆ ಹೇಳುವ ಲೆಕ್ಕವಿದೆ: ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಎಕ್ರೆಗೆ ಐನೂರೈವತ್ತು ಮರವೆಂದರೆ ಹನ್ನೊಂದು ಸಾವಿರ ಲೀಟರ್. ಒಂದು ಎಕ್ರೆ ಪಾಚಿ ಹೊಂಡ ಬರೀ ಆವಿಯಾಗಿ ಕಳೆಯುವ ನೀರಿನಲ್ಲಿ ಹೆಚ್ಚುಕಡಿಮೆ ಎರಡು ಎಕ್ರೆ ಅಡಿಕೆ ಬದುಕುತ್ತದೆ. ಬೋರ್‌ವೆಲ್ ಐನೂರು ಅಡಿ ದಾಟಿರುವ ಊರಿನಲ್ಲಿ ಈ ಮಾತು ಎತ್ತಿದರೆ ಎದುರಿಗಿದ್ದವರು ಎದ್ದು ಹೋದಾರು.

ಗೊಬ್ಬರಕ್ಕೆ ಹಟ್ಟಿಯ ಸ್ಲರಿ ಇದೆಯಲ್ಲ, ಗೋಬರ್ ಗ್ಯಾಸಿನ ಅರ್ಧದ ಹತ್ತಿರ ಇಂಗಾಲದ ಡೈಆಕ್ಸೈಡೇ ಅಲ್ಲವೇ, ಅದನ್ನೂ ಪಾಚಿಗೆ ಊಡಬಹುದಲ್ಲ ಎಂಬ ಸಲಹೆ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಜ್ಞಾನದಲ್ಲಿ ತಪ್ಪಿಲ್ಲ: ಒಂದು ಕೆ.ಜಿ. ಪಾಚಿ ಬೆಳೆಯಲು ಸುಮಾರು 1.8 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೇಕು, ಸ್ಲರಿಯಲ್ಲಿ ಸಾರಜನಕ ಧಾರಾಳ. ಆದರೆ ಇಲ್ಲಿ ಸ್ಲರಿ ಕಸವಲ್ಲ. ಪಂಪು ಇಟ್ಟು, ಪೈಪು ಎಳೆದು ಅಡಿಕೆ ಬುಡಕ್ಕೆ ಬಿಡುವ ಚಿನ್ನ. ಅದನ್ನು ಮರದ ಬಾಯಿಂದ ಕಿತ್ತು ಪಾಚಿಗೆ ಹಾಕಿ, ಪಾಚಿಯನ್ನು ಕರೆಂಟು ಸುಟ್ಟು ಹಿಡಿದು, ಎಣ್ಣೆ ತೆಗೆದು, ಆ ಎಣ್ಣೆಯಲ್ಲಿ ಪಂಪು ಓಡಿಸುವುದೆಂದರೆ ಬಹಳ ಸುತ್ತಿನ ದಾರಿ.

ಗಾತ್ರದ ಅಂದಾಜಿಗೆ ಒಂದು ಮಾತು. ಮಂಗಳೂರಿನ ಎಂಆರ್‌ಪಿಎಲ್ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಶುದ್ಧೀಕರಿಸುವ ಸಾಮರ್ಥ್ಯದ್ದು. ಚದರ ಮೀಟರಿಗೆ ದಿನಕ್ಕೆ 12 ಗ್ರಾಂ ಪಾಚಿ, ವರ್ಷಕ್ಕೆ 240 ದಿನ, ಐದನೇ ಒಂದು ಭಾಗ ಎಣ್ಣೆ ಎಂದು ಹಿಡಿದರೆ ಹೆಕ್ಟೇರಿಗೆ ಆರು ಟನ್ನಿನೊಳಗೆ ಬರುತ್ತದೆ. ಆ ಸಾಮರ್ಥ್ಯದ ನೂರರಲ್ಲಿ ಒಂದು ಪಾಲು ತುಂಬಲು ಸುಮಾರು 26,000 ಹೆಕ್ಟೇರ್ ಸಮತಟ್ಟು ಹೊಂಡ ಬೇಕು. ನಮ್ಮದು ಗುಡ್ಡ, ಬೈಲು, ಮತ್ತೆ ಗುಡ್ಡದ ಊರು. ಸಮತಟ್ಟಾಗಿರುವ ಬೈಲೆಲ್ಲ ಹಿಂದೆಯೇ ಗದ್ದೆಯಾಗಿ, ಈಗ ತೋಟವಾಗಿದೆ.

ಹಾಗಾದರೆ ಪಾಚಿಯ ಮಾತೇ ಬೇಡವೇ? ಹಾಗಲ್ಲ. ಎಣ್ಣೆಯನ್ನು ಮೊದಲ ಫಸಲು ಎಂದುಕೊಂಡದ್ದೇ ಎಡವಟ್ಟು ಎಂದು ನನಗನಿಸುತ್ತದೆ. ಕ್ಯಾಲಿಫೋರ್ನಿಯಾದ ವಿಲಿಯಂ ಆಸ್ವಾಲ್ಡ್ 1950ರ ದಶಕದಲ್ಲೇ ಪಾಚಿಗೆ ಬೇರೆ ಕೆಲಸ ಕೊಟ್ಟಿದ್ದರು: ಊರಿನ ಕೊಳಚೆ ನೀರನ್ನು ತೊಳೆಯುವುದು. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಈಗಿನ ಶುದ್ಧೀಕರಣ ಘಟಕಗಳಲ್ಲಿ ದೊಡ್ಡ ಬ್ಲೋವರ್ ಇಟ್ಟು ಗಾಳಿ ಊದುತ್ತಾರೆ, ಘಟಕದ ಅರ್ಧಕ್ಕಿಂತ ಹೆಚ್ಚು ಕರೆಂಟು ಅದೇ ನುಂಗುತ್ತದೆ. ಪಾಚಿ ಹಗಲೆಲ್ಲ ಅದೇ ಆಮ್ಲಜನಕವನ್ನು ಪುಕ್ಕಟೆ ಕೊಡುತ್ತದೆ, ಬ್ಯಾಕ್ಟೀರಿಯಾ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ತಾನು ತಿನ್ನುತ್ತದೆ, ಕೆರೆ ಕೆಡಿಸುವ ಸಾರಜನಕ, ರಂಜಕಗಳನ್ನೂ ಹೀರುತ್ತದೆ. ಇಲ್ಲಿ ಪಾಚಿ ಎಣ್ಣೆ ಕೊಡದಿದ್ದರೂ ನಷ್ಟವಿಲ್ಲ. ಉರಿಸದೆ ಉಳಿದ ಕರೆಂಟೇ ಮೊದಲ ಇಂಧನ.

ಮೈಸೂರಿನ ಕೊಳಚೆ ಹೊಂಡಗಳಲ್ಲಿ ಪಾಚಿ ಮಾಡುವ ಈ ಕೆಲಸವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಹಾಪಾತ್ರ, ಎಚ್.ಎನ್. ಚಾಣಕ್ಯ, ರಾಮಚಂದ್ರ ಅಳೆದು ನೋಡಿ 2013ರಲ್ಲಿ ಬರೆದರು. ಕೊಳಚೆಯಲ್ಲೇ ಸೊಂಪಾಗಿ ಬೆಳೆಯುವ ಯೂಗ್ಲೀನಾದ ಎಣ್ಣೆ ಬಯೋಡೀಸೆಲ್ಲಿಗೆ ತಕ್ಕುದೆಂದು ಅದೇ ವರ್ಷ ತೋರಿಸಿದರು. ಯೂಗ್ಲೀನಾ ಕ್ಲೋರೆಲ್ಲಾಕ್ಕಿಂತ ಎಷ್ಟೋ ದೊಡ್ಡದು, ಐವತ್ತು ಮೈಕ್ರಾನಿನಷ್ಟು ಉದ್ದ ಇರುವುದೂ ಉಂಟು. ಮತ್ತೆ ಅದೇ ಮೈಸೂರಿನ ಹಳೆಯ ಉಪಾಯ: ಹಿಡಿಯಲು ಸಿಗುವ ಪಾಚಿ. ಕೊಳಚೆ ಹೊಂಡದಲ್ಲಿ ಪಾಚಿಯೂ ಬ್ಯಾಕ್ಟೀರಿಯಾಗಳೂ ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುವುದರಿಂದ ಪಟಿಕದ ಹಂಗಿಲ್ಲದೆ ತಳಕ್ಕಿಳಿಯುವುದು ಇನ್ನೊಂದು ಲಾಭ. ಹಾಗೆ ಇಳಿದ ಕೆಸರಿನಿಂದ ಎಣ್ಣೆಯನ್ನೇ ತೆಗೆಯಬೇಕೆಂಬ ಹಟವೂ ಬೇಡ. ಒಣಗಿಸದೆ, ಹಿಂಡದೆ, ಹಸಿಯಾಗಿಯೇ ಗ್ಯಾಸ್ ಗುಂಡಿಗೆ ದೂಡಿದರೆ ಮೀಥೇನ್ ಬರುತ್ತದೆ. ಆಸ್ವಾಲ್ಡ್ ಮತ್ತು ಅವರ ಸಹೋದ್ಯೋಗಿ ಗೊಲುಯೆಕ್ 1960ರಲ್ಲಿ ಹೇಳಿದ್ದೂ ಇದನ್ನೇ. ಹಿಂಡಿಗೂ ಬೆಲೆಯಿದೆ ಎಂಬ ವಾದಕ್ಕೆ ಸರಿಯಾದ ಜಾಗ ಇದು. ಗೋಬರ್ ಗ್ಯಾಸ್ ಎಂದರೆ ಏನೆಂದು ಮನೆಮನೆಗೆ ಗೊತ್ತಿರುವ ಈ ಜಿಲ್ಲೆಗೆ ಅದನ್ನು ಹೊಸದಾಗಿ ಕಲಿಸಬೇಕಿಲ್ಲ.

ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಹಾಲು ಹೆಪ್ಪುಗಟ್ಟಿಸಿ ಶೀಟ್ ಒತ್ತಿದ ಮೇಲೆ ಉಳಿಯುವ ಹುಳಿ ನೀರೂ ಹೀಗೆ ನೋಡಬೇಕಾದದ್ದು. ಸಾರಜನಕವಿದೆ, ಸಾವಯವ ಅಂಶವಿದೆ, ಸಹಿಸಲಾಗದ ವಾಸನೆಯೂ ಇದೆ. ಆಮ್ಲ ಕಳೆಯಲು ಸ್ವಲ್ಪ ಸುಣ್ಣ ಬೇಕು. ಮನೆಯ ಅಂಗಳದಲ್ಲಿ ಇದು ಇಂಧನದ ವ್ಯವಹಾರವಾಗದು. ರಬ್ಬರ್ ಹಾಲು ಒಟ್ಟು ಮಾಡಿ ಸಂಸ್ಕರಿಸುವ ಘಟಕದಲ್ಲಿ, ಹೇಗೂ ತೊಳೆದೇ ಬಿಡಬೇಕಾದ ನೀರಿನಲ್ಲಿ, ಪ್ರಯತ್ನಕ್ಕೆ ಅರ್ಥವಿದೆ. ಮಂಗಳೂರು, ಮೂಡುಬಿದಿರೆ, ಪುತ್ತೂರುಗಳ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಪ್ರತಿ ವರ್ಷ ಪ್ರಾಜೆಕ್ಟಿಗೆ ವಿಷಯ ಬೇಕು. ಕ್ಲೋರೆಲ್ಲಾದ ಎಣ್ಣೆ ಶೇ. ಎಷ್ಟು ಎಂದು ಮತ್ತೊಮ್ಮೆ ಅಳೆಯುವ ಬದಲು, ಸಾವಿರ ಲೀಟರ್ ನೀರಿನಿಂದ ಪಾಚಿ ಬೇರ್ಪಡಿಸಲು ಎಷ್ಟು ಯೂನಿಟ್ ಹೋಯಿತು ಎಂದು ಮೀಟರ್ ಇಟ್ಟು ಬರೆದರೆ ಓದುವವರಿಗೆ ಉಪಕಾರ. ಪ್ರಯೋಗಾಲಯದ ಸೆಂಟ್ರಿಫ್ಯೂಜಿನ ಕರೆಂಟು ಬಿಲ್ಲು ಬೇರೆ ಯಾರೋ ಕಟ್ಟುವುದರಿಂದ ವರದಿಗಳಲ್ಲಿ ಆ ಸಾಲು ಸಾಮಾನ್ಯವಾಗಿ ಇರುವುದೇ ಇಲ್ಲ.

ಊರಿನ ಕೊಳಚೆಗೆ ಪಾಚಿ ಹೊಂಡ ಎಂದಾಗ ಎದುರಾಗುವ ತಡೆ ಜಾಗ. ದಿನಕ್ಕೆ ಹತ್ತು ಲಕ್ಷ ಲೀಟರ್ ಕೊಳಚೆಯನ್ನು ಐದು ದಿನ ಮೂವತ್ತು ಸೆಂಟಿಮೀಟರ್ ಆಳದ ಹೊಂಡದಲ್ಲಿ ನಿಲ್ಲಿಸಲು ನಾಲ್ಕು ಎಕ್ರೆಗೂ ಸ್ವಲ್ಪ ಹೆಚ್ಚು ಬೇಕು. ಸೆಂಟ್ಸ್ ಲೆಕ್ಕದಲ್ಲಿ ಜಾಗ ಮಾರುವ ವಿಟ್ಲ, ಬಿ.ಸಿ. ರೋಡ್, ಮೂಡುಬಿದಿರೆ ಪೇಟೆಗಳ ಅಂಚಿನಲ್ಲಿ ಅಷ್ಟು ಸಮತಟ್ಟು ನೆಲ ಯಾವ ಪಂಚಾಯತ್ ಕೊಂಡೀತು? ಒಂದೇ ಒಂದು ಬಗೆಯ ನೆಲ ಯಾರಿಗೂ ಬೇಡವಾಗಿ ಬಿದ್ದಿದೆ: ಮುರಕಲ್ಲು ತೆಗೆದು ಬಿಟ್ಟುಹೋದ ಕೋರೆಗಳು. ಅವುಗಳ ತಳ ಯಂತ್ರದಲ್ಲಿ ಕೊಯ್ದು ಮಟ್ಟ ಮಾಡಿದಂತಿರುತ್ತದೆ, ಮೇಲೆ ಮರದ ನೆರಳಿಲ್ಲ. ತಳಕ್ಕೆ ಸಿಲ್ಪಾಲಿನ್ ಹಾಸದಿದ್ದರೆ ಮುರಕಲ್ಲು ಕೊಳಚೆಯನ್ನೆಲ್ಲ ನೆರೆಮನೆಯ ಬಾವಿಗೆ ಇಳಿಸುತ್ತದೆ. ಮಳೆಗಾಲದಲ್ಲಿ ಇಪ್ಪತ್ತು ಅಡಿ ನೀರು ತುಂಬಿದಾಗ ಕೆಲಸ ನಿಲ್ಲುತ್ತದೆ, ಆ ನಾಲ್ಕು ತಿಂಗಳಿಗೆ ಬ್ಲೋವರ್ ಇರುವ ಘಟಕವೇ ಬೇಕು. ಎರಡೂ ಖರ್ಚನ್ನು ಕೂಡಿಸಿ ನೋಡಿದ ಅಂದಾಜುಪಟ್ಟಿಯೊಂದನ್ನು ಯಾರಾದರೂ ಮಾಡಿದರೆ, ಅದನ್ನು ಯಾವುದಾದರೂ ಪಟ್ಟಣ ಪಂಚಾಯತಿನ ಸಾಮಾನ್ಯ ಸಭೆಯ ಮುಂದಿಡಬಹುದು.